ದೊಡ್ಡಮ್ಮನ ಹೆಸರು ಬರೆದುಕೊಂಡ ಫೆಬ್ರವರಿ

ಆ ಮನೆಯನ್ನು ಒಡೆಯುತ್ತಿದ್ದಾರೆಂದು ಗೊತ್ತಾದ ದಿನವೇ ಕುವೆಂಪುನಗರದಿಂದ ಆಟೋ ಮಾಡಿಕೊಂಡು ಅಗ್ರಹಾರಕ್ಕೆ ಹೋದೆ. ಮಂಡಿನೋವು ಇತ್ತು, ಬಿಸಿಲಿತ್ತು, ಹೋಗಬೇಡಿ ಎಂದವರೂ ಇದ್ದರು. ಯಾವುದನ್ನೂ ಲೆಕ್ಕಿಸಲಿಲ್ಲ. ಎದುರಿನ ಗಾಡಿಯವನಿಂದ ಒಂದು ಎಳನೀರು ಕೊಚ್ಚಿಸಿಕೊಂಡು ನೆರಳಿನಲ್ಲಿ ನಿಂತು, ಗೋಡೆಗಳು ಒಂದೊಂದಾಗಿ ಕುಸಿಯುವುದನ್ನು ಕಣ್ತುಂಬ ನೋಡಿದೆ. ಸಂತೋಷವಾಯಿತು. ವಯಸ್ಸಾದ ಮೇಲೆ ಮನಸ್ಸು ಮೆತ್ತಗಾಗುತ್ತದೆ ಎನ್ನುವವರಿಗೆ ನನ್ನ ಪರಿಚಯವಿಲ್ಲ.

ಹಳೆಯ ಗಾರೆಯ ಧೂಳಿಗೆ ಒಂದು ವಾಸನೆಯಿರುತ್ತದೆ. ಸುಣ್ಣ, ಬೆಲ್ಲ, ಹೊಗೆ, ನೂರು ವರ್ಷದ ಒಗ್ಗರಣೆ ಎಲ್ಲ ಬೆರೆತ ವಾಸನೆ. ಅದು ಮೂಗಿಗೆ ಬಡಿದಾಗ ಅಡಿಗೆಮನೆಯ ಗೋಡೆ ಬೀಳುತ್ತಿದೆ ಎಂದು ನೋಡದೆಯೇ ತಿಳಿಯಿತು. ಬೀದಿಬಾಗಿಲಿನ ಚೌಕಟ್ಟನ್ನು ಕಿತ್ತು ಪಕ್ಕದ ಕಾಂಪೌಂಡಿಗೆ ಒರಗಿಸಿದ್ದರು. ಬಣ್ಣ ಎದ್ದುಹೋಗಿದ್ದ ಒಂದು ಕಡೆ ಡಾಂಬರಿನಲ್ಲಿ ಬರೆದ ಸಂಖ್ಯೆಯೊಂದು ಅರ್ಧ ಕಾಣುತ್ತಿತ್ತು. ಅದು ಸಾವಿರದ ಒಂಬೈನೂರ ಅರವತ್ತೊಂದರ ಜನಗಣತಿಯ ಸಂಖ್ಯೆ. ಆ ಫೆಬ್ರವರಿಯಲ್ಲಿ ಆ ಸಂಖ್ಯೆಯನ್ನು ಚೀಟಿಗಳ ಮೂಲೆಯಲ್ಲಿ ಬರೆದುಕೊಂಡವಳು ನಾನೇ.

ಆಗ ನನಗೆ ಇಪ್ಪತ್ತೆಂಟು ವರ್ಷ. ಮಿಡ್ಲ್ ಸ್ಕೂಲಿನಲ್ಲಿ ಮೇಡಂ. ಒಂಟಿಕೊಪ್ಪಲಿನಲ್ಲಿ ಒಂದು ರೂಮು, ಒಂದು ಅಡಿಗೆಮನೆಯ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದೆ. ಹಾಗೆ ಒಬ್ಬಳೇ ಇರುವುದನ್ನು ಊರು ಮಾತಾಡಿಕೊಳ್ಳುತ್ತಿತ್ತು, ಮಾತಾಡಿಕೊಳ್ಳಲಿ ಎಂದು ಬಿಟ್ಟಿದ್ದೆ. ನನಗೆ ಬೇಕಾಗಿದ್ದದ್ದು ಒಂದೇ. ಅಗ್ರಹಾರದ ಆ ಮನೆಯ ಅಡಿಗೆಮನೆಯಿಂದ ನನ್ನ ದೊಡ್ಡಮ್ಮನನ್ನು ಹೊರಗೆ ಕರೆದುಕೊಂಡು ಬರಬೇಕಿತ್ತು. ಅವಳು ಬರುತ್ತಿರಲಿಲ್ಲ.

ದೊಡ್ಡಮ್ಮ ಎಂದರೆ ನನ್ನ ತಾಯಿಯ ಅಕ್ಕ, ತುಂಗಮ್ಮ. ಅವಳ ಗಂಡ ಅಶ್ವತ್ಥಯ್ಯನವರು. ಅವರನ್ನು ಬಹುವಚನದಲ್ಲಿ ಬರೆಯುತ್ತಿರುವುದು ಅಭ್ಯಾಸಬಲದಿಂದ, ಮರ್ಯಾದೆಯಿಂದ ಅಂದುಕೊಳ್ಳಬೇಡಿ. ಕಛೇರಿಯಲ್ಲಿ ಶಿರಸ್ತೇದಾರರಾಗಿದ್ದವರು. ಹಿರಿಯರ ಕಾಲದ ಅರಮನೆಯ ನಂಟನ್ನು ನೆನಪಿಸಲು ಮುಂಜಿ ಮದುವೆಗಳಿಗೆಲ್ಲ ಜರಿಪೇಟ ಸುತ್ತಿಕೊಂಡು ಹೋಗುತ್ತಿದ್ದರು. ಮದುವೆಯಾಗಿ ಹತ್ತು ವರ್ಷವಾದರೂ ದೊಡ್ಡಮ್ಮನಿಗೆ ಮಕ್ಕಳಾಗಲಿಲ್ಲ. ಅವಳನ್ನು ತವರಿಗೆ ಕಳಿಸಿ ಕಮಲಮ್ಮನನ್ನು ಮದುವೆಯಾದರು. ಕಾನೂನು ಆಗ ತಡೆಯುತ್ತಿರಲಿಲ್ಲ. ಆಮೇಲೆ ಅವರ ತಾಯಿ ವೆಂಕಮ್ಮ ಹಾಸಿಗೆ ಹಿಡಿದರು. ಮುದುಕಿಯ ಹಾಸಿಗೆ ಒಗೆಯಲು ಕಮಲಮ್ಮ ಒಪ್ಪಲಿಲ್ಲ. ಆಗ ಮೊದಲ ಹೆಂಡತಿಯ ನೆನಪಾಯಿತು. ದೊಡ್ಡಮ್ಮ ಬಂದಳು, ಒಗೆದಳು, ಅತ್ತೆಯ ಬಾಯಿಗೆ ಕೊನೆಯ ನೀರು ಬಿಟ್ಟಳು. ಅಷ್ಟಾದ ಮೇಲೂ ಅವಳನ್ನು ಹೋಗು ಎನ್ನಲಿಲ್ಲ, ಇರು ಎನ್ನಲೂ ಇಲ್ಲ. ಅಡಿಗೆಮನೆಯಲ್ಲಿ ಉಳಿದುಬಿಟ್ಟಳು.

ಅದು ರೇಷನ್ನಿನ ಕಾಲ. ಅಕ್ಕಿ, ಸಕ್ಕರೆ ಎಲ್ಲ ಕಾರ್ಡಿನ ಮೇಲೆಯೇ. ಆ ಮನೆಯ ಕಾರ್ಡು ಮಾಡಿಸಿದಾಗ ದೊಡ್ಡಮ್ಮ ತವರಿನಲ್ಲಿದ್ದಳು, ಅದರಲ್ಲಿ ಅವಳ ಹೆಸರಿರಲಿಲ್ಲ. ವೆಂಕಮ್ಮನ ಹೆಸರಿತ್ತು. ವೆಂಕಮ್ಮ ಸತ್ತ ಮೇಲೂ ಅಶ್ವತ್ಥಯ್ಯನವರು ಅದನ್ನು ತೆಗೆಸಲಿಲ್ಲ. ಸತ್ತ ಅತ್ತೆಯ ಪಾಲಿನ ಅಕ್ಕಿಯಲ್ಲಿ ಬದುಕಿದ್ದ ಸೊಸೆ ಉಣ್ಣುತ್ತಿದ್ದಳು. ಇದು ಅವರಿಗೆ ಬಹಳ ಜಾಣತನದ ಏರ್ಪಾಡಾಗಿ ಕಂಡಿತ್ತು.

ಹೀಗಿರುವಾಗ ಐವತ್ತೊಂದರ ಜನಗಣತಿ ಬಂತು. ನನಗೆ ಹದಿನೆಂಟು. ತಾಯಿ ತೀರಿಕೊಂಡಿದ್ದಳು, ಓದಲೆಂದು ಅದೇ ಮನೆಯಲ್ಲಿ ಇದ್ದೆ. ಗಣತಿಯವರು ಬರೆದುಕೊಂಡದ್ದನ್ನು ರೇಷನ್ ಇನ್ಸ್‌ಪೆಕ್ಟರು ಕಾರ್ಡಿನ ಜೊತೆ ಹೋಲಿಸಿ ನೋಡುತ್ತಾರೆ ಎಂದು ಅಶ್ವತ್ಥಯ್ಯನವರಿಗೆ ಯಾರೋ ಹೇಳಿದರು, ಅಥವಾ ತಾವೇ ಊಹಿಸಿಕೊಂಡರು. ಕಾರ್ಡಿನಲ್ಲಿ ಇರುವವರು ಮನೆಯಲ್ಲಿರಬೇಕು, ಇಲ್ಲದವರು ಇರಕೂಡದು. ಗಣತಿಯ ಮೇಷ್ಟ್ರು ಬರುವ ಬೆಳಿಗ್ಗೆ ಅವರು ಅಡಿಗೆಮನೆಯ ಬಾಗಿಲಿಗೆ ಬಂದು ಹೇಳಿದರು.

"ತುಂಗಾ, ಮೂಲೆ ಕೋಣೇಲಿ ಮಲ್ಕೋ. ತಲೆ ತುಂಬ ಮುಸುಕು ಹಾಕ್ಕೋ. ಕೆಮ್ಮಬೇಡ." ಆಮೇಲೆ ನನ್ನ ಕಡೆ ತಿರುಗಿ, "ನೀನು ತಲೆ ಹತ್ರ ಕೂತ್ಕೊಂಡಿರು. ಯಾರಾದ್ರೂ ಕೇಳಿದ್ರೆ ಅಜ್ಜಿ ಅನ್ನು. ಎಪ್ಪತ್ತೊಂಬತ್ತು ಅನ್ನು."

ವೆಂಕಮ್ಮ ಪ್ರಾಣ ಬಿಟ್ಟದ್ದು ಆ ಕೋಣೆಯಲ್ಲೇ, ಆ ಕಂಬಳಿಯಲ್ಲೇ. ಮೂವತ್ತೆಂಟು ವರ್ಷದ ದೊಡ್ಡಮ್ಮ ಹೋಗಿ ಅದನ್ನು ಹೊದ್ದು ಮಲಗಿದಳು. ಮೇಷ್ಟ್ರು ಎಳೆಯ ವಯಸ್ಸಿನವರು, ಕೆಲಸದಲ್ಲಿ ಶ್ರದ್ಧೆ. ಹಿರಿಯರನ್ನೂ ಒಂದು ಮಾತು ಕೇಳುತ್ತೇನೆಂದು ಕೋಣೆಯವರೆಗೂ ಬಂದರು. ಅಜ್ಜಿಗೆ ವಯಸ್ಸೆಷ್ಟು ಎಂದರು, ಹೇಳಿದೆ. ಮಾತಾಡುತ್ತಾರಾ ಎಂದರು, ಇಲ್ಲ ಎಂದೆ. ಕಂಬಳಿಯ ತುದಿಯಲ್ಲಿ ದೊಡ್ಡಮ್ಮನ ಕಾಲುಂಗುರ ಕಾಣುತ್ತಿತ್ತು. ಗಂಡ ಸತ್ತ ಎಪ್ಪತ್ತೊಂಬತ್ತರ ಮುದುಕಿಗೆ ಎಲ್ಲಿಯ ಕಾಲುಂಗುರ. ನಾನು ಬಗ್ಗಿ ಕಂಬಳಿ ಎಳೆದು ಅದನ್ನು ಮುಚ್ಚಿದೆ. ಮೇಷ್ಟ್ರು ಆ ಕಂಬಳಿಗೆ ಕೈಮುಗಿದು ಹೊರಟುಹೋದರು.

ಅವರು ಹೋದ ಮೇಲೆ ದೊಡ್ಡಮ್ಮ ಎದ್ದು ಕಂಬಳಿ ಮಡಿಸಿದಳು. "ನನ್ನ ವಯಸ್ಸು ಎಷ್ಟು ಅಂದೆ?" ಎಂದು ಕೇಳಿದಳು.

"ಎಪ್ಪತ್ತೊಂಬತ್ತು."

"ಅಷ್ಟು ದಿನ ನಾನಿರಲ್ಲ ಬಿಡು," ಎಂದು ಒಲೆ ಉರಿಸಲು ಹೋದಳು.

ಆ ಸಲ ದೇಶದ ಲೆಕ್ಕದಲ್ಲಿ ವೆಂಕಮ್ಮ ಬದುಕಿದ್ದಳು, ತುಂಗಮ್ಮ ಇರಲಿಲ್ಲ. ಅದನ್ನು ಏರ್ಪಾಡು ಮಾಡಿದ್ದು ಅವರು, ಆದರೆ ಆ ಸುಳ್ಳು ಹೇಳಿದ ಬಾಯಿ ನನ್ನದು. ಅವರ ಮೇಲಿನ ಸಿಟ್ಟಿನಲ್ಲಿ ನನ್ನ ಮೇಲಿನ ಸಿಟ್ಟೂ ಸೇರಿಕೊಂಡು ಹತ್ತು ವರ್ಷ ಅದು ಆರಲಿಲ್ಲ. ನಾನು ಆರಲು ಬಿಡಲೂ ಇಲ್ಲ.

ಕೆಲಸ ಸಿಕ್ಕ ಮೇಲೆ ಎಷ್ಟು ಸಲ ಕರೆದೆನೋ. "ಬಾ ದೊಡ್ಡಮ್ಮ, ನನ್ನ ಜೊತೆ ಇರು." ಅವಳದು ಒಂದೇ ಉತ್ತರ. "ಎಷ್ಟಾದ್ರೂ ಇದು ನನ್ನ ಗಂಡನ ಮನೆ ಕಣೇ. ಒಂದಲ್ಲ ಒಂದು ದಿನ ಅವರ ಬಾಯಲ್ಲೇ ಬರತ್ತೆ." ಬೀದಿಗೆಲ್ಲ ಅವಳು ಯಾರೆಂದು ಗೊತ್ತಿತ್ತು. ಆದರೆ ಅವರ ಬಾಯಿಂದ ಹೆಂಡತಿ ಎನ್ನುವ ಮಾತನ್ನು ಯಾರೂ ಕೇಳಿರಲಿಲ್ಲ. ಬಂದವರ ಮುಂದೆ ಅವಳು "ಒಳಗಡೆಯೋಳು", ಇಲ್ಲವೇ "ಅಡಿಗೆಗೆ ಇರೋಳು". ಆ ಒಂದು ಮಾತಿಗಾಗಿ ದೊಡ್ಡಮ್ಮ ಹೊಗೆ ಕುಡಿದುಕೊಂಡು ಕಾಯುತ್ತಿದ್ದಳು. ಹಾಗಾದರೆ ಆ ಮಾತನ್ನು ಅವರ ಬಾಯಿಂದ ಹೊರಡಿಸಲೇಬೇಕು, ಅದೂ ನಾಲ್ಕು ಜನರ ಮುಂದೆ, ಎಂದು ನಾನು ತೀರ್ಮಾನಿಸಿದೆ. ದಾರಿ ಮಾತ್ರ ಗೊತ್ತಿರಲಿಲ್ಲ.

ದಾರಿ ಸಿಕ್ಕಿದ್ದು ಅರವತ್ತೊಂದರ ಜನಗಣತಿಯ ತರಬೇತಿಯಲ್ಲಿ. ಊರಿನ ಮೇಷ್ಟ್ರು, ಮೇಡಂಗಳನ್ನೆಲ್ಲ ಗಣತಿಗೆ ಹಾಕಿದ್ದರು. ನಮ್ಮ ಮುಖ್ಯೋಪಾಧ್ಯಾಯರು ಸೂಚನೆಗಳ ಪುಸ್ತಕ ಹಿಡಿದು ಓದಿ ಹೇಳುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಚೀಟಿ, ಹಸುಗೂಸಿಗೂ ಒಂದು. ಒಬ್ಬರನ್ನು ಒಂದೇ ಕಡೆ ಬರೆಯಬೇಕು, ಮಾರ್ಚ್ ಒಂದರ ಸೂರ್ಯೋದಯಕ್ಕೆ ಯಾರು ಎಲ್ಲಿ ವಾಸವಾಗಿರುತ್ತಾರೋ ಅಲ್ಲಿ. ಹೇಳಿದ್ದು ಗುಟ್ಟಾಗಿರುತ್ತದೆ. ಕಂದಾಯದವರಾಗಲಿ, ಪೊಲೀಸಿನವರಾಗಲಿ, ಕೋರ್ಟಾಗಲಿ ಆ ಚೀಟಿಯನ್ನು ಕೇಳುವ ಹಾಗಿಲ್ಲ, ರೇಷನ್ನಿನವರಂತೂ ಇಲ್ಲವೇ ಇಲ್ಲ. ಅಂದರೆ ಅವತ್ತಿನ ಕಂಬಳಿಯ ನಾಟಕದ ಅಗತ್ಯವೇ ಇರಲಿಲ್ಲ. ದೊಡ್ಡಮ್ಮನ ಹೆಸರು ಬರೆಸಿದ್ದರೆ ಒಂದು ಹಿಡಿ ಸಕ್ಕರೆಯೂ ಕಡಿಮೆಯಾಗುತ್ತಿರಲಿಲ್ಲ.

ಕೊನೆಗೆ ಮುಖ್ಯೋಪಾಧ್ಯಾಯರು ಕನ್ನಡಕ ತೆಗೆದು ಹೇಳಿದರು. "ನಿಮಗೆ ಗೊತ್ತಿರೋದನ್ನ ಬರೆಯೋ ಹಾಗಿಲ್ಲ. ಮನೆಯವರನ್ನ ಕೇಳಬೇಕು, ಅವರು ಹೇಳಿದ್ದನ್ನ ಬರೀಬೇಕು. ಕೇಳದೆ ಒಂದು ಅಕ್ಷರಾನೂ ಬರೀಬೇಡಿ."

ಅಷ್ಟು ಸಾಕಾಗಿತ್ತು. ನನಗೆ ಕೊಟ್ಟಿದ್ದದ್ದು ಒಂಟಿಕೊಪ್ಪಲಿನಲ್ಲಿ ನನ್ನ ಮನೆಯ ಸುತ್ತಲಿನ ಬೀದಿಗಳು. ಅಗ್ರಹಾರದ ಆ ಬೀದಿ ನನ್ನ ಜೊತೆಯ ಪದ್ಮಾವತಿಗೆ ಬಿದ್ದಿತ್ತು. ಬದಲಾಯಿಸಿಕೊಳ್ಳೋಣವೇ, ಅಲ್ಲಿ ನನ್ನ ನೆಂಟರಿದ್ದಾರೆ ಎಂದೆ. ಪದ್ಮಾವತಿ ಒಳ್ಳೆಯವಳು, ನೆಂಟರ ಮೇಲಿನ ಪ್ರೀತಿ ಎಂದುಕೊಂಡಳು. ಮುಖ್ಯೋಪಾಧ್ಯಾಯರೂ ಒಪ್ಪಿದರು.

ಆ ಫೆಬ್ರವರಿ ನನಗೆ ಚೆನ್ನಾಗಿ ನೆನಪಿದೆ. ಬೆಳಿಗ್ಗೆ ಇಬ್ಬನಿ, ಶಾಲು ಬೇಕು. ಹತ್ತು ಗಂಟೆಗೆಲ್ಲ ಬಿಸಿಲು ಚುರುಗುಟ್ಟುತ್ತಿತ್ತು. ಹೊಂಗೆಯ ಎಲೆಗಳೆಲ್ಲ ಉದುರಿ ಬೀದಿ ತುಂಬ ಹರಡಿರುತ್ತಿದ್ದವು, ಚಾಮುಂಡಿ ಬೆಟ್ಟ ಒಣಗಿ ಕಂದಾಗಿತ್ತು. ಸ್ಕೂಲು ಮುಗಿಸಿ ಚೀಟಿಗಳ ಕಟ್ಟು, ಶಾಯಿ ಬುಡ್ಡಿ, ಪೆನ್ನು ಚೀಲಕ್ಕೆ ಹಾಕಿಕೊಂಡು ಮನೆಮನೆ ತಿರುಗುತ್ತಿದ್ದೆ. ಅಶ್ವತ್ಥಯ್ಯನವರ ಮನೆಯನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೆ. ಚಿಕ್ಕಂದಿನಲ್ಲಿ ಒಬ್ಬಟ್ಟನ್ನೂ ನಾನು ಕೊನೆಗೇ ತಿನ್ನುತ್ತಿದ್ದೆ.

ಅವರು ಸುಮ್ಮನಿರಲಿಲ್ಲ. ಬೆಳಿಗ್ಗೆ ಅವರ ಜಗಲಿಯ ಮೇಲೆ ಪೇಪರು ಓದುವ ಸಭೆ ಸೇರುತ್ತಿತ್ತು. ಬರೆಸಿಕೊಂಡವರಿಗೆ ಕಂದಾಯ ಏರಿಸುತ್ತಾರೆ, ವಯಸ್ಸು ಹೇಳಿದ ಹುಡುಗರನ್ನು ಮಿಲಿಟರಿಗೆ ಎಳೆಯುತ್ತಾರೆ ಎಂದು ಅಲ್ಲಿಂದ ಸುದ್ದಿ ಹೊರಡುತ್ತಿತ್ತು. ನಾನು ಹೋದ ಮನೆಗಳಲ್ಲೆಲ್ಲ ಮೊದಲು ಅದನ್ನು ಅಳಿಸಬೇಕಾಗುತ್ತಿತ್ತು. ಬೀದಿಯ ತುದಿಯಲ್ಲಿ ನಿಂಗಮ್ಮ ಎಂಬಾಕೆಯ ಹೆಂಚಿನ ಮನೆಯಿತ್ತು. ಕೆಸರೆ ಕಡೆಯಿಂದ ಬಂದು ಎರಡು ಎಮ್ಮೆ ಕಟ್ಟಿಕೊಂಡು ಬೀದಿಗೆಲ್ಲ ಹಾಲು ಹಾಕುತ್ತಿದ್ದಳು. ನನ್ನನ್ನು ಕಂಡವಳೇ ಬಾಗಿಲಿಗೆ ಅಡ್ಡ ನಿಂತಳು.

"ಅಯ್ನೋರು ಯೋಳವ್ರೆ ಕಣವ್ವ, ಬರಸ್ಕಂಡ್ರೆ ಎಮ್ಮೆಗೂ ಕಂದಾಯ ಆಕ್ತಾರಂತೆ."

"ನಾನು ಎಮ್ಮೆ ಬರೆಯಲ್ಲ ನಿಂಗಮ್ಮ, ಮನುಷ್ಯರನ್ನ ಮಾತ್ರ ಬರೀತೀನಿ. ನೀವು ಹೇಳಿದ್ದನ್ನ ಇನ್ನೊಬ್ಬರಿಗೆ ಹೇಳಿದ್ರೆ ನನ್ನನ್ನೇ ಕೋರ್ಟಿಗೆ ಎಳೀತಾರೆ. ಎಷ್ಟು ಮಕ್ಕಳು?"

"ಮಕ್ಳನ್ನ ಎಣಿಸ್ಬಾರ್ದು. ದೃಷ್ಟಿ ಆಯ್ತದೆ."

"ಎಣಿಸಬೇಡಿ. ಒಬ್ಬೊಬ್ಬರ ಹೆಸರು ಹೇಳ್ತಾ ಹೋಗಿ, ಎಣಿಸೋದು ನನ್ನ ಕೆಲಸ."

ಸ್ವಲ್ಪ ಯೋಚಿಸಿ ಒಪ್ಪಿದಳು. "ಅಂಗಾರೆ ಆ ದೃಷ್ಟಿ ಪಾಪ ನಿಂದೇಯ ಬುಡು," ಎಂದು ಏಳು ಹೆಸರು ಹೇಳಿದಳು. ಎಂಟನೆಯದು ಹೊಟ್ಟೆಯಲ್ಲಿತ್ತು. ಅದು ಮಾರ್ಚ್ ಒಂದರ ಬೆಳಗಿನ ಒಳಗೆ ಹುಟ್ಟಿದರೆ ಬರೆದುಕೊಳ್ಳುತ್ತೇನೆ, ಆಮೇಲೆ ಹುಟ್ಟಿದರೆ ಇಲ್ಲ ಎಂದಾಗ ಹಾಲುಗಾರ್ತಿಗೆ ನಗು ತಡೆಯಲಾಗಲಿಲ್ಲ. ಅವಳ ವಯಸ್ಸು ಅವಳಿಗೆ ಗೊತ್ತಿರಲಿಲ್ಲ. ಕನ್ನಂಬಾಡಿ ಕಟ್ಟೆಗೆ ಅವಳಪ್ಪ ಕಲ್ಲು ಹೊರಲು ಹೋಗುತ್ತಿದ್ದಾಗ ತೆವಳುತ್ತಿದ್ದಳಂತೆ. ಅದರಿಂದ ಲೆಕ್ಕ ಹಾಕಿ ಬರೆದೆವು.

ಹೀಗೆ ದಿನಕ್ಕೆ ಹತ್ತು ಮನೆ. ಕೆಲವು ಮನೆಗಳಲ್ಲಿ ಯಜಮಾನರು ತಮ್ಮ ಹೆಸರು, ಗಂಡುಮಕ್ಕಳ ಹೆಸರು ಹೇಳಿ ಮುಗಿಯಿತು ಎನ್ನುತ್ತಿದ್ದರು. ಒಳಗೆ ಪಾತ್ರೆಯ ಸದ್ದಾಗುತ್ತಿರುತ್ತಿತ್ತು. ಅದ್ಯಾರು ಎಂದರೆ, ಓ ಅವರಾ, ಅತ್ತಿಗೆ, ಸೋದರತ್ತೆ, ಸಣ್ಣಂದಿನಲ್ಲೇ ಗಂಡ ಹೋದವರು, ಅವರನ್ನೂ ಬರೆಯಬೇಕಾ ಎನ್ನುತ್ತಿದ್ದರು. ಬರೆಯಬೇಕು ಎನ್ನುತ್ತಿದ್ದೆ. ಎಷ್ಟು ಜನ ಇದ್ದಾರೆಂದು ತಿಳಿಯದ ಬೀದಿಗೆ ಎಷ್ಟು ನಲ್ಲಿ, ಎಷ್ಟು ಸ್ಕೂಲು ಬೇಕೆಂದು ಯಾರು ಹೇಳುತ್ತಾರೆ ಎಂದು ಪುಸ್ತಕದ ಕಾರಣಗಳನ್ನು ಹೇಳುತ್ತಿದ್ದೆ. ಅವು ಸರಿಯಾದ ಕಾರಣಗಳೇ. ಆದರೆ ಒಳಗಿನಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದ ಹೆಂಗಸು ತನ್ನ ಹೆಸರನ್ನು ತಾನೇ ಹೇಳಿ, ಅದನ್ನು ಇಂಕಿನಲ್ಲಿ ಬರೆಯುವುದನ್ನು ಬಗ್ಗಿ ನೋಡುವಾಗ ನನಗೆ ನಲ್ಲಿಯ ನೆನಪಿರುತ್ತಿರಲಿಲ್ಲ.

ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ, ಜಗಲಿಯ ಸಭೆ ಸೇರಿರುವ ಹೊತ್ತನ್ನು ಆರಿಸಿಕೊಂಡು ಅಶ್ವತ್ಥಯ್ಯನವರ ಮನೆಗೆ ಹೋದೆ. ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದೆ. ಪಕ್ಕದ ಮನೆಯ ಇಬ್ಬರು ಮುದುಕರು ಪೇಪರಿನ ಒಂದೊಂದು ಹಾಳೆ ಹಿಡಿದು ಕೂತಿದ್ದರು.

"ಬಾ ಶಾರದೆ, ಬಾ. ಸರ್ಕಾರದೋರು ಬಂದ್ರು ಕಣ್ರಯ್ಯ, ಜಾಗ ಬಿಡಿ," ಎಂದು ಅಶ್ವತ್ಥಯ್ಯನವರು ನಕ್ಕರು.

ನಾನು ಚೀಟಿ ತೆಗೆದೆ. ಅವರು ತಮ್ಮ ಹೆಸರು ಹೇಳಿದರು, ಕಮಲಮ್ಮ ಹೆಂಡತಿ ಎಂದರು, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಐದು ಚೀಟಿ ತುಂಬಿದವು. ಆರನೆಯದನ್ನು ತೆಗೆದು ಮೂಲೆಯಲ್ಲಿ ಮನೆಯ ಸಂಖ್ಯೆ ಬರೆದು ಕೂತೆ.

"ಅಷ್ಟೇ ಕಣೇ," ಎಂದರು.

"ಒಳಗಡೆ ಇನ್ನೊಬ್ಬರಿದಾರಲ್ಲ."

"ಓ, ಅಡಿಗೆಗೆ ಇರೋಳು. ಬೇಕಿದ್ರೆ ಬರ್ಕೋ."

"ಹೆಸರು?"

"ನಿಂಗೆ ಗೊತ್ತಿಲ್ವೇನೇ?"

"ನನಗೆ ಗೊತ್ತಿರೋದನ್ನ ಬರೆಯೋ ಹಾಗಿಲ್ಲ. ತಾವು ಹೇಳಿದ್ದನ್ನ ಬರೀಬೇಕು."

"ತುಂಗಮ್ಮ."

"ಯಜಮಾನರಿಗೆ ಏನಾಗಬೇಕು?"

ಅವರು ಪೇಪರು ಮಡಿಸಿದರು. "ನೆಂಟರು ಅಂತ ಬರ್ಕೋ."

"ಯಾವ ನೆಂಟರು ಅಂತ ಬೇಕು."

"ಮುಂದಕ್ಕೆ ಹೋಗೇ, ಅದನ್ನ ಆಮೇಲೆ ನೋಡಣ."

"ಮುಂದಿಂದು ಮದುವೆ. ಮದುವೆ ಆಗಿದೆಯಾ?"

"ಆಗಿದೆ."

"ಗಂಡ ಇದಾರಾ, ತೀರ್ಕೊಂಡಿದಾರಾ?"

ಮುದುಕರಿಬ್ಬರ ಕೈಯಲ್ಲಿದ್ದ ಹಾಳೆಗಳು ಒಟ್ಟಿಗೆ ಕೆಳಗಿಳಿದವು. ಇದಾರೆ ಎಂದರೆ ಯಾರು ಎಂದು ನಾನು ಕೇಳುತ್ತೇನೆ. ಇಲ್ಲ ಎಂದರೆ ತಮ್ಮ ಜಗಲಿಯ ಮೇಲೆ ಕೂತು ತಾವೇ ಸತ್ತ ಹಾಗಾಗುತ್ತದೆ. ನಾನು ಪೆನ್ನು ಹಿಡಿದು ಕಾದೆ. ಹತ್ತು ವರ್ಷ ಕಾದವಳಿಗೆ ಇನ್ನೊಂದು ನಿಮಿಷ ದೊಡ್ಡದಲ್ಲ. ಅವರ ಮುಖ ಕೆಂಪಾಗುವುದನ್ನು ನೋಡುತ್ತ ಕೂತ ಆ ನಿಮಿಷ ನನಗೆ ಬಹಳ ಇಷ್ಟವಾಯಿತು.

"ನಾನೇ ಕಣೇ," ಎಂದರು ಹಲ್ಲು ಕಚ್ಚಿ. "ಹೆಂಡತಿ ಅಂತ ಬರ್ಕೋ. ಸಾಕಾ?"

"ಜಟಕಾ ಹೋಯ್ತು, ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಿ."

"ಹೆಂಡತಿ. ಮೊದಲನೇ ಹೆಂಡತಿ."

ಬರೆದೆ. ಅಕ್ಷರ ಎಂದೂ ಇಲ್ಲದಷ್ಟು ದುಂಡಗೆ ಬಂತು. ತಲೆಯೆತ್ತಿದಾಗ ದೊಡ್ಡಮ್ಮ ನಡುಮನೆಯ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಸೌಟು. ಅವಳು ಅಳುತ್ತಾಳೆ, ಕೊನೆಗೂ ಬಂತಲ್ಲ ಎನ್ನುತ್ತಾಳೆ ಎಂದುಕೊಂಡೆ. ಅವಳು ಅವರನ್ನು ಸ್ವಲ್ಪ ಹೊತ್ತು ನೋಡಿದಳು.

"ಇಷ್ಟೇನಾ?" ಎಂದಳು.

ಅವಳು ನನ್ನ ಕಡೆ ತಿರುಗಿದಳು. "ಶಾರದೆ, ಯಾರು ಎಲ್ಲಿರ್ತಾರೋ ಅಲ್ಲಿ ತಾನೇ ಬರೆಯೋದು?"

"ಹೌದು. ಮಾರ್ಚ್ ಒಂದನೇ ತಾರೀಕು ಬೆಳಗಾಗೋ ಹೊತ್ತಿಗೆ ಎಲ್ಲಿ ವಾಸವೋ ಅಲ್ಲಿ."

"ಹಾಗಾದ್ರೆ ಇನ್ನೂ ಎರಡು ದಿನ ಇದೆ."

ಒಳಗೆ ಹೋದಳು. ಒಲೆಯ ಮೇಲಿದ್ದ ಹುಳಿಯನ್ನು ಕೆಳಗಿಳಿಸಿದ ಸದ್ದು, ಒಲೆಗೆ ನೀರು ಚಿಮುಕಿಸಿದ ಸದ್ದು ಕೇಳಿತು. ಕಾಲು ಗಂಟೆಯಲ್ಲಿ ತವರಿನ ತಗಡಿನ ಪೆಟ್ಟಿಗೆ ಹಿಡಿದು ಬಂದಳು. ಜಗಲಿಯ ಮೆಟ್ಟಿಲಿಗೆ ಬಂದಾಗ ಅಶ್ವತ್ಥಯ್ಯನವರು ಎದ್ದು ನಿಂತರು.

"ಎಲ್ಲಿಗೆ?"

"ಶಾರದೆ ಮನೆಗೆ."

"ಇಲ್ಲಿ ಬರೆದಾಯ್ತಲ್ಲ, ಹೇಳಿದೆನಲ್ಲ."

"ಹೇಳಿದ್ರಿ, ಕೇಳಿಸ್ಕೊಂಡೆ. ಆ ಚೀಟೀನ ಅವಳು ಹೊಡೆದು ಹಾಕ್ತಾಳೆ ಬಿಡಿ." ಮೆಟ್ಟಿಲಿಳಿದು ನಿಂತು ಮತ್ತೆ ಹೇಳಿದಳು. "ಒಂದು ಜಾಗ ಖಾಲಿ ಆಯ್ತು ಅನ್ನಿಸಿದ್ರೆ ನಿಮ್ಮ ತಾಯಿನ ಬರೆಸ್ಕೊಳ್ಳಿ. ಹೋದ ಸಲ ನನ್ನ ಜಾಗದಲ್ಲಿ ಅವರನ್ನೇ ಬರೆಸಿದ್ರಲ್ಲ."

ವೆಂಕಮ್ಮನ ಶವಕ್ಕೆ ಹೆಗಲು ಕೊಟ್ಟಿದ್ದ ಮುದುಕರಿಬ್ಬರೂ ಅಲ್ಲೇ ಇದ್ದರು. ಒಬ್ಬರಿಗೆ ಕಾಫಿ ನೆತ್ತಿಗೇರಿ ಕೆಮ್ಮು ಹತ್ತಿಕೊಂಡಿತು. ನಾನು ಪೆಟ್ಟಿಗೆಯ ಒಂದು ಹಿಡಿ ಹಿಡಿದೆ, ಅವಳು ಇನ್ನೊಂದು ಹಿಡಿದಳು. ಹತ್ತು ವರ್ಷ ಜೋಪಾನ ಮಾಡಿದ ನನ್ನ ಸೇಡನ್ನು ಅವಳು ಕಾಲು ಗಂಟೆಯಲ್ಲಿ ನನಗಿಂತ ಚೆನ್ನಾಗಿ ತೀರಿಸಿದ್ದಳು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಮಾರನೆಯ ದಿನ ಸಂಜೆ ಪದ್ಮಾವತಿ ಒಂಟಿಕೊಪ್ಪಲಿನ ನಮ್ಮ ಮನೆಗೆ ಬಂದಳು. ಅಷ್ಟು ದಿನ ಕೇಳುತ್ತಿದ್ದವಳು ಅಂದು ಹೇಳುವವಳಾಗಿ ಚಾಪೆಯ ಮೇಲೆ ಕೂತೆ. ಮನೆಯ ಯಜಮಾನರು ಯಾರು ಎಂದಳು. ದೊಡ್ಡಮ್ಮ ನನ್ನ ಕಡೆ ಬೆರಳು ತೋರಿಸಿದಳು.

"ಇವಳು ತಾನೇ ಸಂಬಳ ತರೋಳು."

"ತರೋರು ಯಾರು ಅಂತ ಕೇಳಲ್ಲ, ಯಜಮಾನರು ಯಾರು ಅಂತ ಕೇಳ್ತಾರೆ. ದೊಡ್ಡೋಳು ನೀನು. ತುಂಗಮ್ಮ ಅಂತ ಬರಿ ಪದ್ಮಾ," ಎಂದೆ. "ನಾನು ತಂಗಿ ಮಗಳು."

ದೊಡ್ಡಮ್ಮ ಬೇಡ ಎನ್ನಲಿಲ್ಲ. ವಯಸ್ಸು ನಲವತ್ತೆಂಟು ಎಂದು ತಾನೇ ಹೇಳಿದಳು. ಓದಲು ಬರುತ್ತದೆ, ಬರೆಯಲೂ ಬರುತ್ತದೆ ಎಂದಳು. ಅದು ನನಗೂ ಗೊತ್ತಿರಲಿಲ್ಲ. ಈ ಊರಿನಲ್ಲಿ ಎಷ್ಟು ವರ್ಷದಿಂದ ವಾಸ ಎಂದಾಗ ಬೆರಳು ಮಡಿಸಿ ಎಣಿಸಿದಳು. ಮದುವೆಯ ಪ್ರಶ್ನೆ ಬಂತು.

"ಆಗಿತ್ತು," ಎಂದಳು.

"ಈಗ?" ಪದ್ಮಾವತಿ ಸಂಕೋಚದಿಂದ ಕೇಳಿದಳು. "ಬೇರೆ ಆಗಿದೀರಾ? ಅವರು ಬಿಟ್ಟರಾ?"

"ಅವರೆಲ್ಲಿ ಬಿಟ್ಟಾರು, ಮೂರು ಹೊತ್ತೂ ಬಿಸಿ ಊಟ ಆಗ್ತಿತ್ತು. ನಾನು ಅವರನ್ನ ಬಿಟ್ಟೆ. ಹಾಗೇ ಬರಿ."

ಯಾರು ಯಾರನ್ನು ಬಿಟ್ಟರು ಎಂದು ಬರೆಯಲು ಆ ಚೀಟಿಯಲ್ಲಿ ಜಾಗವಿರಲಿಲ್ಲ, ಬೇರೆಯಾದವರು ಎನ್ನುವ ಗುರುತು ಮಾತ್ರ. ಪದ್ಮಾವತಿ ಅದನ್ನು ಹಾಕಿ ಓದಿ ಹೇಳಿದಳು. ದೊಡ್ಡಮ್ಮ ಚೀಟಿಯನ್ನು ಕೈಗೆ ತೆಗೆದುಕೊಂಡು ದೀಪದ ಹತ್ತಿರ ಹಿಡಿದು ತಾನೇ ಇನ್ನೊಂದು ಸಲ ಓದಿಕೊಂಡಳು. ಒಳಗೆ ಹೋಗಿ ಪದ್ಮಾವತಿಗೆ ಕಾಫಿ ಮಾಡಿ ತಂದಳು, ಮೂರು ಲೋಟ. ನಮ್ಮ ಜೊತೆ ಕೂತು ಕಾಫಿ ಕುಡಿದದ್ದು ಅವತ್ತೇ ಮೊದಲು. ಈ ಚೀಟಿಯ ವಿಷಯವನ್ನು ಅವಳು ಒಂಟಿಕೊಪ್ಪಲಿನ ನಲ್ಲಿಯ ಹತ್ತಿರ ಕಂಡ ಕಂಡವರಿಗೆಲ್ಲ ಹೇಳಿಕೊಂಡಳು, ಅದು ಅಗ್ರಹಾರದವರೆಗೆ ಮುಟ್ಟಲಿಲ್ಲ ಅಷ್ಟೇ. ತನ್ನದನ್ನು ತಾನು ಹೇಳಿಕೊಳ್ಳಲು ಯಾವ ಕಾನೂನೂ ಅಡ್ಡ ಬರುವುದಿಲ್ಲ, ಹಾಗಾಗಿಯೇ ನಾನೂ ಇಲ್ಲಿ ಬರೆದಿದ್ದೇನೆ. ಬೇರೆ ಯಾವ ಮನೆಯ ಚೀಟಿಯಲ್ಲಿ ಏನಿತ್ತೆಂದು ಕೇಳಿದರೆ ಇವತ್ತಿಗೂ ಬಾಯಿ ಬಿಡುವವಳಲ್ಲ. ನಿಂಗಮ್ಮ ಮಾತ್ರ ಮಕ್ಕಳ ಹೆಸರನ್ನು ಬೀದಿಗೆಲ್ಲ ಕೇಳಿಸುವ ಹಾಗೆ ಕೂಗಿ ಹೇಳಿದ್ದಳು, ಅಶ್ವತ್ಥಯ್ಯನವರು ಹೇಳಿದ್ದು ಜಗಲಿಯ ಸಭೆಯ ಎದುರಿಗೆ, ಅವೆರಡೂ ಗುಟ್ಟಲ್ಲ.

ಮಾರ್ಚ್ ಒಂದರ ಬೆಳಗಾದ ಮೇಲೆ ಎಲ್ಲ ಮನೆಗಳಿಗೂ ಇನ್ನೊಂದು ಸುತ್ತು ಹೋಗಬೇಕಿತ್ತು. ಹುಟ್ಟಿದವರನ್ನು ಸೇರಿಸಬೇಕು, ಸತ್ತವರನ್ನು, ಬಿಟ್ಟುಹೋದವರನ್ನು ತೆಗೆಯಬೇಕು. ನಿಂಗಮ್ಮನ ಎಂಟನೆಯದು ಹಿಂದಿನ ದಿನ ಮಧ್ಯಾಹ್ನವೇ ಹುಟ್ಟಿ ಲೆಕ್ಕಕ್ಕೆ ಸೇರಿಕೊಂಡಿತು. ಅಲ್ಲಿಂದ ಅಶ್ವತ್ಥಯ್ಯನವರ ಮನೆಗೆ ಬಂದೆ.

ಜಗಲಿಯಲ್ಲಿ ಸಭೆ ಇರಲಿಲ್ಲ. ಅವರೊಬ್ಬರೇ ಕೂತಿದ್ದರು, ಗಡ್ಡ ಬೋಳಿಸಿರಲಿಲ್ಲ. ಒಳಗೆ ಏನೋ ಸೀದ ವಾಸನೆ, ಕಮಲಮ್ಮ ಯಾರನ್ನೋ ಬೈಯುತ್ತಿದ್ದುದು ಕೇಳುತ್ತಿತ್ತು. ನಾನು ಕಟ್ಟು ಬಿಚ್ಚಿ ಆರನೆಯ ಚೀಟಿ ತೆಗೆದೆ.

"ಅದು ಇರಲಿ ಬಿಡೇ," ಎಂದರು ಮೆಲ್ಲಗೆ. "ಬರ್ತಾಳೆ ಅವಳು. ಎಲ್ಲಿ ಹೋಗ್ತಾಳೆ."

"ಇವತ್ತು ಬೆಳಗಾದಾಗ ಈ ಮನೇಲಿ ಇದ್ದರಾ?"

"ಇಲ್ಲ. ಆದ್ರೂ ಇರಲಿ. ಬೀದಿಯೋರು ಏನಂದ್ಕೊಳ್ತಾರೆ. ಎರಡು ಕಡೆನೂ ಇದ್ರೆ ಏನಾಗತ್ತೆ?"

"ಒಬ್ಬರನ್ನ ಒಂದೇ ಕಡೆ ಬರೆಯೋದು."

ಅವರ ಕಣ್ಣೆದುರೇ, ನಿಧಾನವಾಗಿ, ಮೂಲೆಯಿಂದ ಮೂಲೆಗೆ ಗೀಟು ಹಾಕಿದೆ. ಮನೆ ಬಿಟ್ಟಿದ್ದಾರೆ ಎಂದು ಬರೆದು ಸಹಿ ಮಾಡಿದೆ. ಒಟ್ಟು ಸಂಖ್ಯೆಯಲ್ಲಿ ಆರನ್ನು ಹೊಡೆದು ಐದು ಮಾಡಿದೆ. ಸುಖವೆನ್ನುವುದು ಇದ್ದರೆ ಅದು ಹೀಗೆಯೇ ಇರುತ್ತದೆ ಎನ್ನಿಸಿತು. ಇಷ್ಟು ವರ್ಷಗಳ ಮೇಲೂ ಅದಕ್ಕಾಗಿ ನನಗೆ ನಾಚಿಕೆಯಿಲ್ಲ.

ಮೆಟ್ಟಿಲಿಳಿಯುವಾಗ ಅವರು ಹಿಂದೆಯೇ ಬಂದರು. "ಶಾರದೆ, ಅಲ್ಲಿ ಏನಂತ ಬರೆಸಿದಾಳೆ?"

"ಒಂದು ಮನೆ ವಿಷಯ ಇನ್ನೊಂದು ಮನೇಲಿ ಹೇಳೋ ಹಾಗಿಲ್ಲ."

"ನನ್ನ ಹೆಸರು ಹೇಳಿದಾಳಾ? ಮದುವೆ ವಿಷಯಕ್ಕೆ ಏನಂದಳು?"

"ಹೇಳೋ ಹಾಗಿಲ್ಲ."

"ನಾನು ಅವಳ ಗಂಡ ಕಣೇ." ಈ ಸಲ ಯಾರೂ ಪ್ರಶ್ನೆ ಹಾಕಿರಲಿಲ್ಲ. ನಡುಬೀದಿಯಲ್ಲಿ ನಿಂತು ತಾವಾಗಿಯೇ ಹೇಳಿದರು. ಎದುರು ಮನೆಯ ಕಿಟಕಿಯಲ್ಲಿ ಯಾರೋ ತಿರುಗಿ ನೋಡಿದರು.

"ಗಂಡನಿಗೂ ಹೇಳೋ ಹಾಗಿಲ್ಲ ದೊಡ್ಡಪ್ಪ," ಎಂದೆ. "ಕಾನೂನು."

ಅವರು ಆಮೇಲೆ ಎಂಟು ವರ್ಷ ಬದುಕಿದ್ದರು. ಮಾರ್ಕೆಟ್ಟಿನಲ್ಲಿ, ಮದುವೆಮನೆಗಳಲ್ಲಿ ಎದುರಾದಾಗಲೆಲ್ಲ ಒಂದು ಪಕ್ಕಕ್ಕೆ ಕರೆದು ಅದನ್ನೇ ಕೇಳುತ್ತಿದ್ದರು. ನಾನು ಪ್ರತಿ ಸಲವೂ ಅದೇ ಉತ್ತರ ಕೊಟ್ಟೆ.